ಮದ್ದು ಮೈಯಲ್ಲಿ ನಿಲ್ಲುವುದೇಕೆ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣವನ್ನು ದಾಟಿದ ಸ್ವಲ್ಪ ಹೊತ್ತಿಗೆ ದೊಡ್ಡಮಳೂರೆಂಬ ಗ್ರಾಮವು ಸಿಕ್ಕುತ್ತದೆ. ಅಲ್ಲಿಯ ಅಪ್ರಮೇಯಸ್ವಾಮಿಯ ದೇವಾಲಯವನ್ನೂ, ಅದರ ಆವರಣದಲ್ಲಿಯೇ ಬೆಣ್ಣೆ ಹಿಡಿದು ಅಂಬೆಗಾಲಿಡುತ್ತಿರುವ ನವನೀತಕೃಷ್ಣನ ಗುಡಿಯನ್ನೂ ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಮಕ್ಕಳಿಲ್ಲದ ದಂಪತಿಗಳು ಇಲ್ಲಿ ಹರಕೆ ಹೊರುತ್ತಾರೆ. ಹರಕೆ ಫಲಿಸಿದರೆ ತೊಟ್ಟಿಲನ್ನು ತಂದು ಒಪ್ಪಿಸುತ್ತಾರೆ. ಹೀಗೆ ತೊಟ್ಟಿಲನ್ನೊಪ್ಪಿಸಲು ಬಂದ ಒಂದು ಕುಟುಂಬದೊಡನೆ ನಾವೂ ಒಮ್ಮೆ ಅಲ್ಲಿಗೆ ಹೋಗಿದ್ದೆವು. ಅಂದು ದೇವಾಲಯದ ಜಗುಲಿಯ ಮೇಲೆ ಕುಳಿತು ಕೇಳಿದ ಮಾತೇ ಈ ಉಪನ್ಯಾಸಕ್ಕೆ ಕಾರಣವಾಯಿತು.

ಆ ಕುಟುಂಬದ ಯಜಮಾನರು ಚನ್ನಪಟ್ಟಣದ ಪೇಟೆಯಲ್ಲಿ ದಿನಸಿ ಅಂಗಡಿಯನ್ನಿಟ್ಟಿರತಕ್ಕ ಆರ್ಯವೈಶ್ಯ ಗೃಹಸ್ಥರು. ನಮಗೆ ಬಹುಕಾಲದ ಸ್ನೇಹಿತರು. ಅವರ ತಂಗಿಗೆ ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ಗರ್ಭ ನಿಂತಿತು. ಹೆರಿಗೆಯು ಕಷ್ಟವಾದ್ದರಿಂದ ವೈದ್ಯರು ತರಾತುರಿಯಿಂದ ಅರಿವಳಿಕೆಯನ್ನು ಕೊಟ್ಟು, ಹೊಟ್ಟೆಯನ್ನು ಕೊಯ್ದು, ಮಗುವನ್ನು ತೆಗೆದರು. ಮಗು ಅತ್ತಿತು, ತಾಯಿ ಮಾತ್ರ ಏಳಲಿಲ್ಲ. ಏಳದಿರುವುದು ಒಂದು ಪಕ್ಕಕ್ಕಿರಲಿ, ಸ್ವಂತವಾಗಿ ಉಸಿರನ್ನೇ ಎಳೆಯಲಿಲ್ಲ. ಮೂರು ಗಂಟೆಗಳ ಕಾಲ ವೈದ್ಯರೂ ದಾದಿಯರೂ ಸರದಿಯ ಮೇಲೆ ರಬ್ಬರಿನ ಚೀಲವನ್ನು ಹಿಸುಕುತ್ತ ಆಕೆಯ ಎದೆಗೆ ಗಾಳಿಯನ್ನು ತುಂಬುತ್ತಿದ್ದರಂತೆ. ಆಮೇಲೆ ಮೊದಲು ಒಂದು ಬೆರಳು ಅಲುಗಿತು. ಬಳಿಕ ಉಸಿರು ಬಂತು. ಕತ್ತಲಾಗುವ ಹೊತ್ತಿಗೆ ಆಕೆ ಮಗುವಿನ ಮುಖವನ್ನು ನೋಡಿದಳು.

"ಮೇಷ್ಟ್ರೇ, ಒಬ್ಬೊಬ್ಬರು ಒಂದೊಂದು ಹೇಳಿದರು. ಡಾಕ್ಟರು ಮದ್ದನ್ನು ಹೆಚ್ಚಾಗಿ ಕೊಟ್ಟುಬಿಟ್ಟರು ಎಂದು ಕೆಲವರು. ಯಾರೋ ಆಗದವರು ಊಟದಲ್ಲಿ ಮದ್ದು ಹಾಕಿದ್ದರು, ಅದು ಹೊಟ್ಟೆಯಲ್ಲಿ ನಿಂತಿತ್ತು ಎಂದು ಕೆಲವರು. ನಿಜವಾಗಿ ಇದು ಏನು?" ಎಂದು ನಮ್ಮ ಸ್ನೇಹಿತರು ಕೇಳಿದರು.

"ಶೆಟ್ಟರೇ, ನಾವು ಚರಿತ್ರೆಯ ಪಾಠ ಹೇಳತಕ್ಕವರು. ನೋಡಿ ಓದಿ ಹೇಳುತ್ತೇವೆ" ಎಂದೆವು.

ಆಗ ಬಾಣಂತಿಯೇ ಮಾತನಾಡಿದಳು. "ಎಲ್ಲರೂ ನಾನು ನಿದ್ದೆಯಲ್ಲಿದ್ದೆ ಎನ್ನುತ್ತಾರಣ್ಣಾ. ಕೊನೆಯ ಹೊತ್ತಿನಲ್ಲಿ ನನಗೆ ನಿದ್ದೆ ಇರಲಿಲ್ಲ. ಮಗು ಅಳುವುದು ಕೇಳಿಸುತ್ತಿತ್ತು, ದಾದಿಯರು ಗಾಬರಿಯಾಗಿ ಮಾತಾಡುವುದು ಕೇಳಿಸುತ್ತಿತ್ತು. ರೆಪ್ಪೆ ಎತ್ತುವುದಕ್ಕೆ ಆಗಲಿಲ್ಲ, ಅಷ್ಟೆ."

ಇದನ್ನು ಕೇಳಿ ಮೂಲೆಯಲ್ಲಿ ಕುಳಿತಿದ್ದ ಅವರ ತಾಯಿಯವರು ಮೆಲ್ಲಗೆ ಹೇಳಿದರು: "ನಮ್ಮಣ್ಣನಿಗೂ ಹೀಗೇ ಆಗಿತ್ತು ಕಣಪ್ಪಾ, ನಲವತ್ತು ವರ್ಷದ ಹಿಂದೆ. ಬೆಳಿಗ್ಗೆ ಆಪರೇಷನ್ನಿಗೆ ಒಳಗೆ ಹೋದವನು ಮಧ್ಯಾಹ್ನದ ಮೇಲೂ ಉಸಿರಾಡಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು; ಹೊರಗೆ ಆಡಬೇಡಿ ಎಂದರು. ನಾವೂ ಆಡಲಿಲ್ಲ."

ಈ ಮೂರು ಮಾತುಗಳಲ್ಲಿ, ಅಂದರೆ ಅಣ್ಣನ ಪ್ರಶ್ನೆ, ತಂಗಿಯ ಅನುಭವ, ತಾಯಿಯ ಮೌನ ಇವುಗಳಲ್ಲಿ, ಒಂದು ದೀರ್ಘವಾದ ಚರಿತ್ರೆಯು ಅಡಗಿದೆಯೆಂದು ತರುವಾಯ ನಮಗೆ ತಿಳಿದುಬಂತು. ಅದನ್ನೇ ಈಗ ಶ್ರೋತೃಗಳ ಮುಂದಿಡುತ್ತೇವೆ.

ಮೊದಲು ಸಾಮಾನ್ಯವಾದ ಸಂಗತಿಯನ್ನು ನೋಡೋಣ. ನಿದ್ರೆ ಬರಿಸುವ ಮದ್ದುಗಳು ಎಲ್ಲರ ಮೈಯಲ್ಲಿಯೂ ಒಂದೇ ಕಾಲ ನಿಲ್ಲತಕ್ಕವಲ್ಲ. 1934ರಲ್ಲಿ ಬಳಕೆಗೆ ಬಂದ ಥಯೋಪೆಂಟೋನ್ ಎಂಬ ಮದ್ದನ್ನು ರಕ್ತನಾಳಕ್ಕೆ ಚುಚ್ಚಿದರೆ ಅರೆನಿಮಿಷದಲ್ಲಿ ಅರಿವು ತಪ್ಪಿ, ಕೆಲವೇ ನಿಮಿಷಗಳಲ್ಲಿ ಮತ್ತೆ ಎಚ್ಚರವಾಗುತ್ತದೆ. ಮದ್ದು ಅಷ್ಟರಲ್ಲಿ ಹೊರಟುಹೋಯಿತೆಂದು ಇದರ ಅರ್ಥವಲ್ಲ. ಅದು ಮಿದುಳನ್ನು ಬಿಟ್ಟು ಮಾಂಸಖಂಡಗಳಿಗೂ ಕೊಬ್ಬಿಗೂ ಸರಿದು ಅಲ್ಲಿ ಅವಿತುಕೊಂಡಿರುತ್ತದೆ. ಪೂರ್ತಿಯಾಗಿ ಮೈಬಿಡಲು ಎಷ್ಟೋ ಗಂಟೆಗಳು ಬೇಕು. ಡಯಜೆಪಾಮ್ ಎಂಬ ಮಾತ್ರೆಯಾದರೋ ಒಂದೆರಡು ದಿನಗಳಾದರೂ ಅರ್ಧಕ್ಕೆ ಇಳಿಯದೆ ಇರಬಹುದು; ಮುದುಕರಲ್ಲಿ ಇನ್ನೂ ನಿಧಾನ. ಇಂತಹ ಮದ್ದುಗಳನ್ನು ಒಡೆದು ಹೊರಗೆ ಕಳುಹಿಸುವ ಕೆಲಸವು ಬಹುಮಟ್ಟಿಗೆ ಪಿತ್ತಜನಕಾಂಗದ್ದು. ಅಲ್ಲಿ ಕಿಣ್ವಗಳೆಂಬ ಕೆಲಸಗಾರರಿರುತ್ತಾರೆ. ಕಿಣ್ವವೆಂದರೆ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸಿಯೂ ತಾನು ಸವೆಯದಿರುವ ಜೀವದ್ರವ್ಯ. ವಯಸ್ಸು, ಮೈಯ ಕೊಬ್ಬು, ಪಿತ್ತಜನಕಾಂಗದ ಆರೋಗ್ಯ, ಜೊತೆಯಲ್ಲಿ ಸೇವಿಸುವ ಬೇರೆ ಔಷಧಗಳು, ಇವೆಲ್ಲವೂ ಆ ಕೆಲಸದ ವೇಗವನ್ನು ಏರಿಸಿ ಇಳಿಸುತ್ತವೆ. ಇವಿಷ್ಟನ್ನು ವೈದ್ಯರು ರೋಗಿಯನ್ನು ನೋಡಿಯೂ ಕೇಳಿಯೂ ಅರಿಯಬಹುದು. ನೋಡಿದರೆ ಕಾಣದ ಮತ್ತೊಂದು ಕಾರಣವುಂಟು. ಅದು ಹುಟ್ಟಿನೊಡನೆ ಬಂದದ್ದು. ನಮ್ಮ ಸ್ನೇಹಿತರ ತಂಗಿಯ ವಿಷಯದಲ್ಲಿ ನಡೆದುದು ಇದೇ. ಆದರೆ ಆ ಕಾರಣವನ್ನು ಮನುಷ್ಯನು ಕಂಡುಕೊಳ್ಳಲು ನೂರು ವರ್ಷಗಳಿಗೂ ಮೇಲ್ಪಟ್ಟು ಕಾಲ ಹಿಡಿಯಿತು. ಏಕೆಂದರೆ ಅಷ್ಟು ಕಾಲವೂ ಅವನು ಪ್ರಶ್ನೆಯನ್ನು ಮದ್ದಿಗೆ ಹಾಕುತ್ತಿದ್ದನೇ ಹೊರತು ಮನುಷ್ಯನಿಗೆ ಹಾಕುತ್ತಿರಲಿಲ್ಲ.

ಅಮೆರಿಕದ ಬಾಸ್ಟನ್ ನಗರದಲ್ಲಿ 1846ನೆಯ ಅಕ್ಟೋಬರ್ 16ರಂದು ಮಾರ್ಟನ್ ಎಂಬುವರು ಈಥರಿನ ಆವಿಯನ್ನು ಕೊಟ್ಟು, ನೋವಿಲ್ಲದ ಶಸ್ತ್ರಕ್ರಿಯೆಯನ್ನು ಎಲ್ಲರ ಕಣ್ಣೆದುರಿಗೆ ಮಾಡಿತೋರಿಸಿದರು. ಮರುವರ್ಷ, 1847ರಲ್ಲಿ, ಎಡಿನ್‌ಬರೋ ನಗರದ ಸಿಂಪ್ಸನ್ನರು ಕ್ಲೋರೋಫಾರಮ್ಮನ್ನು ಬಳಕೆಗೆ ತಂದರು. ಜಗತ್ತು ಹರ್ಷಗೊಂಡು ಕೆಲವು ತಿಂಗಳೂ ಆಗಿರಲಿಲ್ಲ. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯು, ಕಾಲಿನ ಉಗುರನ್ನು ತೆಗೆಯುವುದಕ್ಕೋಸ್ಕರ ಕ್ಲೋರೋಫಾರಮ್ಮನ್ನು ಕೊಟ್ಟೊಡನೆಯೇ ಪ್ರಾಣಬಿಟ್ಟಳು. ಅವಳಿಗೆ ಅದಕ್ಕೆ ಮುಂಚೆ ಈಥರನ್ನು ಕೊಟ್ಟಾಗ ಯಾವ ಅಪಾಯವೂ ಆಗಿರಲಿಲ್ಲ. ಸಾವಿರಾರು ಜನರಿಗೆ ಒಗ್ಗಿದ ಮದ್ದು ಈ ಒಬ್ಬಳಿಗೆ ಏಕೆ ಒಗ್ಗಲಿಲ್ಲ? ಈ ಪ್ರಶ್ನೆಯನ್ನು ಅಂದಿನವರು ತಿರುಗಿಸಿ, ಮದ್ದು ಕೊಲ್ಲುವುದು ಉಸಿರನ್ನು ತಡೆದೋ ಹೃದಯವನ್ನು ನಿಲ್ಲಿಸಿಯೋ ಎಂಬುದಾಗಿ ಕೇಳಿಕೊಂಡರು.

ಈ ವಾದಕ್ಕೆ ನಮ್ಮ ನೆರೆಯ ಒಂದು ದೇಶೀಯ ಸಂಸ್ಥಾನವೇ ರಂಗಭೂಮಿಯಾಯಿತೆಂಬುದನ್ನು ಕೆಲವರು ಮಾತ್ರ ಬಲ್ಲರು. ಹೈದರಾಬಾದಿನಲ್ಲಿ ವೈದ್ಯಶಾಲೆಯ ಮುಖ್ಯರಾಗಿದ್ದ ಎಡ್ವರ್ಡ್ ಲಾರಿ ಎಂಬುವರು ಕ್ಲೋರೋಫಾರಮ್ಮಿನ ಪರಮ ಪಕ್ಷಪಾತಿಗಳು. ನಿಜಾಮರ ಸರ್ಕಾರದ ಧನಸಹಾಯದಿಂದ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು, ಹೀಗೆ ಎರಡು ಸಮಿತಿಗಳು ಕುಳಿತು ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆಗಳನ್ನು ನಡೆಸಿದುವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ನರೇ ಬಂದಿದ್ದರು. ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂದು ಸಮಿತಿಯು ತೀರ್ಪಿತ್ತಿತು. ಆ ತೀರ್ಪು ನಿಲ್ಲಲಿಲ್ಲ. ಕ್ಲೋರೋಫಾರಂ ನೇರವಾಗಿ ಹೃದಯದ ಮಿಡಿತವನ್ನೇ ಕೆಡಿಸಬಲ್ಲುದೆಂದು 1911ರಲ್ಲಿ ಲೆವಿ ಎಂಬುವರು ತೋರಿಸಿಕೊಟ್ಟರು. ಆದರೆ ನಮಗೆ ಇಲ್ಲಿ ಮುಖ್ಯವಾದುದು ತೀರ್ಪು ಸರಿಯೋ ತಪ್ಪೋ ಎಂಬುದಲ್ಲ. ಅಷ್ಟು ವೆಚ್ಚವನ್ನೂ ಶ್ರಮವನ್ನೂ ಮಾಡಿದ ವಿದ್ವಾಂಸರು, ಒಂದೇ ಮದ್ದಿಗೆ ಬೇರೆ ಬೇರೆ ವ್ಯಕ್ತಿಗಳು ಬೇರೆ ಬೇರೆಯಾಗಿ ನಡೆದುಕೊಳ್ಳಬಹುದು ಎಂಬ ಕಡೆಗೆ ದೃಷ್ಟಿಯನ್ನೇ ಹರಿಸಲಿಲ್ಲ.

ಆ ದೃಷ್ಟಿಯನ್ನು ತಂದವರು ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರೋಡ್. ಕೆಲವು ಮಕ್ಕಳ ಮೂತ್ರವು ಗಾಳಿಗೆ ಕಪ್ಪಾಗುವುದೆಂಬ ಒಂದು ಅಪರೂಪದ ಸ್ಥಿತಿಯನ್ನು ಅವರು ಪರಿಶೀಲಿಸುತ್ತಿದ್ದರು. ಇಂತಹ ಮಕ್ಕಳ ತಂದೆತಾಯಿಗಳು ಅನೇಕವೇಳೆ ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಕ್ಕಳಾಗಿರುವುದನ್ನು ಗಮನಿಸಿ, ಇದು ಸೋಂಕಿನ ರೋಗವಲ್ಲ, ಮನೆತನದಲ್ಲಿ ಇಳಿದುಬಂದ ರಾಸಾಯನಿಕ ವೈಲಕ್ಷಣ್ಯವೆಂದು 1902ರಲ್ಲಿ ಪ್ರಕಟಿಸಿದರು. ಮುಖದಲ್ಲಿ ಮುಖಕ್ಕೆ ಹೋಲಿಕೆಯಿಲ್ಲದಿರುವಂತೆಯೇ ಮೈಯೊಳಗಣ ರಸಾಯನದಲ್ಲಿಯೂ ಒಬ್ಬನಂತೆ ಮತ್ತೊಬ್ಬನಿಲ್ಲವೆಂಬುದು ಅವರ ಸಿದ್ಧಾಂತ. ಅದನ್ನು ಅರಿವಳಿಕೆಯ ಕೋಣೆಗೆ ತಂದು ನಿಲ್ಲಿಸಲು ಇನ್ನೊಂದು ಮದ್ದು ಬರಬೇಕಾಗಿತ್ತು.

ಆ ಮದ್ದಿನ ಹೆಸರು ಸಕ್ಸಮೆಥೋನಿಯಂ. ನಮ್ಮ ಆಸ್ಪತ್ರೆಗಳಲ್ಲಿ ಸ್ಕೋಲಿನ್ ಎಂದು ಕರೆಯುವ ವಾಡಿಕೆಯುಂಟು. ಇದು ನಿದ್ರೆ ಬರಿಸುವ ಮದ್ದಲ್ಲ. ನಿದ್ರೆಯ ಮದ್ದಿನ ಬೆನ್ನಿಗೇ ಕೊಡತಕ್ಕದ್ದು. ಉಸಿರಿನ ಕೊಳವೆಯನ್ನು ಗಂಟಲಿನಲ್ಲಿ ಇಳಿಸಬೇಕಾದರೆ ಬಿಗಿದ ಸ್ನಾಯುಗಳು ಸಡಿಲವಾಗಬೇಕು. ಆ ಕೆಲಸಕ್ಕೆ ಇದು. ರೀಡ್ ಹಂಟ್ ಮತ್ತು ಟಾವೋ ಎಂಬ ಅಮೆರಿಕದ ವಿದ್ವಾಂಸರು 1906ರಲ್ಲಿಯೇ ಇದನ್ನು ಪರೀಕ್ಷಿಸಿದ್ದರು. ಆದರೆ ಅವರು ಪರೀಕ್ಷೆಗೆ ತೆಗೆದುಕೊಂಡ ಪ್ರಾಣಿಗಳಿಗೆ ಕ್ಯುರಾರೆ ಎಂಬ ವಿಷವನ್ನು ಮೊದಲೇ ಕೊಟ್ಟು ಕದಲದಂತೆ ಮಾಡಿದ್ದುದರಿಂದ, ಹೊಸ ಮದ್ದು ಸ್ನಾಯುಗಳನ್ನು ಕಟ್ಟಿಹಾಕುವುದೆಂಬ ಮುಖ್ಯ ಗುಣವೇ ಅವರ ಕಣ್ಣಿಗೆ ಬೀಳಲಿಲ್ಲ. 1949ರಲ್ಲಿ ಡ್ಯಾನಿಯಲ್ ಬೋವೆ ಮತ್ತು ಅವರ ಸಹಾಯಕರು ಆ ಗುಣವನ್ನು ಹೊರಗೆಡವಿದರು. 1951ರಲ್ಲಿ ಸ್ಟಾಕ್‌ಹೋಮ್ ವಿಯೆನ್ನಾ ಮೊದಲಾದ ಕಡೆ ರೋಗಿಗಳಲ್ಲಿ ಬಳಕೆಗೆ ಬಂತು. ಬೋವೆಯವರಿಗೆ 1957ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಈ ಮದ್ದನ್ನು ವೈದ್ಯರು ಮೆಚ್ಚಿದುದಕ್ಕೆ ಕಾರಣ ಅದರ ಶೀಘ್ರತೆ. ಒಂದು ನಿಮಿಷದೊಳಗೆ ಸ್ನಾಯುಗಳು ಸಡಿಲವಾಗುತ್ತವೆ. ಐದಾರು ನಿಮಿಷಗಳಲ್ಲಿ ಮತ್ತೆ ಬಲ ಬರುತ್ತದೆ. ಈ ಬೇಗ ಬರುವಿಕೆ ಮದ್ದಿನ ಗುಣವಲ್ಲ, ನಮ್ಮ ರಕ್ತದ ಗುಣ. ರಕ್ತದಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಒಂದು ಕಿಣ್ವವು ತಿರುಗಾಡುತ್ತಿರುತ್ತದೆ. ಸೂಜಿಯಿಂದ ಒಳಹೊಕ್ಕ ಮದ್ದಿನ ಬಹುಪಾಲನ್ನು ಅದು ಸ್ನಾಯುವನ್ನು ಮುಟ್ಟುವ ಮೊದಲೇ, ದಾರಿಯಲ್ಲಿಯೇ ಒಡೆದುಹಾಕುತ್ತದೆ. ಉಳಿದ ಸ್ವಲ್ಪ ಪಾಲು ಮಾತ್ರ ತನ್ನ ಕೆಲಸವನ್ನು ಮಾಡಿ ಮರಳಿ ರಕ್ತಕ್ಕೆ ಬಂದು ತಾನೂ ನಾಶವಾಗುತ್ತದೆ. ಊರಿನ ಹೆಬ್ಬಾಗಿಲಿನಲ್ಲಿ ಸುಂಕದವನಿದ್ದು ಸರಕಿನ ಹೆಚ್ಚು ಭಾಗವನ್ನು ತಡೆದು ಸ್ವಲ್ಪವನ್ನು ಮಾತ್ರ ಒಳಗೆ ಬಿಟ್ಟಂತೆ. ಸುಂಕದವನೇ ಇಲ್ಲದಿದ್ದರೆ? ಇದ್ದ ಸರಕೆಲ್ಲವೂ ಒಳಗೆ ನುಗ್ಗುತ್ತದೆ. ನುಗ್ಗಿದ್ದು ಹೊರಗೆ ಹೋಗುವುದೂ ಇಲ್ಲ. ಐದು ನಿಮಿಷದ ಕೆಲಸ ಮೂರು ಗಂಟೆಯಾಗುತ್ತದೆ. ಇನ್ನೂ ಹೆಚ್ಚಾದರೂ ಆದೀತು.

ಈಗ ಆ ಬಾಣಂತಿಯ ಮಾತನ್ನು ಜ್ಞಾಪಿಸಿಕೊಳ್ಳಬೇಕು. ಅವಳಿಗೆ ಕೊಟ್ಟ ನಿದ್ರೆಯ ಮದ್ದು ಎಲ್ಲರಲ್ಲಿಯಂತೆಯೇ ಇಳಿಯಿತು; ಸ್ನಾಯುಗಳನ್ನು ಕಟ್ಟಿದ ಮದ್ದು ಮಾತ್ರ ಇಳಿಯಲಿಲ್ಲ. ಹೊರಗಿನವರಿಗೆ ದೀರ್ಘನಿದ್ರೆಯಾಗಿ ತೋರಿದ್ದು ಒಳಗೆ ಎಚ್ಚರವಾಗಿತ್ತು. ಇದಕ್ಕಿಂತ ಭಯಂಕರವಾದ ಅವಸ್ಥೆಯನ್ನು ಊಹಿಸುವುದು ಕಷ್ಟ. ಆದ್ದರಿಂದಲೇ, ಇಂತಹ ರೋಗಿಯು ಉಸಿರಾಡದಿದ್ದಾಗ ಉಸಿರನ್ನು ಕೊಡುತ್ತಿರಬೇಕು, ಅದರ ಜೊತೆಗೆ ನಿದ್ರೆಯನ್ನೂ ಮುಂದುವರಿಸುತ್ತಿರಬೇಕು ಎಂಬುದು ಅರಿವಳಿಕೆ ವೈದ್ಯರ ವಿಧಿ. ಇವೆರಡೂ ನಡೆದರೆ ಮದ್ದು ತಾನಾಗಿಯೇ ಇಳಿಯುತ್ತದೆ. ಮೈಗೆ ಊನವೇನೂ ಉಳಿಯದು.

ಹೊಸ ಮದ್ದು ಬಳಕೆಗೆ ಬಂದ ಮರುವರ್ಷದಿಂದಲೇ, ಸಾವಿರಾರು ರೋಗಿಗಳಲ್ಲಿ ಒಬ್ಬರು ಹೀಗೆ ಗಂಟೆಗಟ್ಟಲೆ ಉಸಿರಾಡದಿರುವ ವರದಿಗಳು ಬರತೊಡಗಿದುವು. ಅವರ ರಕ್ತದಲ್ಲಿ ಕಿಣ್ವದ ಕೆಲಸ ಕಡಿಮೆಯೆಂದೂ, ಅವರ ಒಡಹುಟ್ಟಿದವರಲ್ಲಿಯೂ ಹಾಗೆಯೇ ಕಂಡುಬರುವುದುಂಟೆಂದೂ ತಿಳಿಯಿತು. ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾನಿಲಯದ ವರ್ನರ್ ಕ್ಯಾಲೋ ಎಂಬುವರು 1957ರಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಡೈಬುಕೇನ್ ಎಂಬ ವಸ್ತುವನ್ನು ರಕ್ತದ ಮಾದರಿಗೆ ಸೇರಿಸಿದರೆ ಸಾಮಾನ್ಯರ ಕಿಣ್ವದ ಕೆಲಸವು ನೂರರಲ್ಲಿ ಸುಮಾರು 80 ಪಾಲು ನಿಂತುಹೋಗುತ್ತದೆ. ಉಸಿರು ನಿಂತವರ ಕಿಣ್ವವಾದರೋ 20 ಪಾಲು ಮಾತ್ರ ನಿಲ್ಲುತ್ತದೆ. ಅವರ ತಂದೆತಾಯಿಗಳದು ನಡುವೆ, 60ರ ಸಮೀಪ. ಅಂದರೆ ಕಿಣ್ವವು ಬರಿಯ ಪ್ರಮಾಣದಲ್ಲಿ ಕಡಿಮೆಯಲ್ಲ, ಜಾತಿಯಲ್ಲಿಯೇ ಬೇರೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ, ಹೀಗೆ ಎರಡು ಕೆಟ್ಟ ಪ್ರತಿಗಳು ಕೂಡಿದವನೇ ಅಪಾಯಕ್ಕೆ ಗುರಿ; ಒಂದು ಪ್ರತಿಯುಳ್ಳವನು ಸಾಮಾನ್ಯವಾಗಿ ಕ್ಷೇಮ. ಮದ್ದಿಗೂ ವಂಶಕ್ಕೂ ಇರುವ ಈ ಸಂಬಂಧವನ್ನು ಕುರಿತು ಒಂದು ಹೊಸ ಶಾಸ್ತ್ರವೇ ಹುಟ್ಟಿತು. 1959ರಲ್ಲಿ ಜರ್ಮನಿಯ ಫೋಗೆಲ್ ಅದಕ್ಕೆ ಫಾರ್ಮಕೋಜೆನೆಟಿಕ್ಸ್ ಎಂದು ನಾಮಕರಣ ಮಾಡಿದರು. ಪ್ರಶ್ನೆಯು ಕಡೆಗೂ ಮದ್ದನ್ನು ಬಿಟ್ಟು ಮನುಷ್ಯನ ಕಡೆಗೆ ತಿರುಗಿತು.

ಇನ್ನು ನಮ್ಮ ನಾಡಿಗೆ ಬರೋಣ. ಆರ್ಯವೈಶ್ಯ ಮನೆತನಗಳಿಂದ ಬಂದ ರೋಗಿಗಳಲ್ಲಿ ಸ್ಕೋಲಿನ್ ಮದ್ದು ಇಳಿಯದಿರುವ ಪ್ರಸಂಗಗಳು ಹೆಚ್ಚೆಂಬುದನ್ನು ದಕ್ಷಿಣಭಾರತದ ಅರಿವಳಿಕೆ ವೈದ್ಯರು ಅನುಭವದಿಂದ ಅರಿತಿದ್ದರು. ಕಾರಣವನ್ನು ತೋರಿಸಿಕೊಟ್ಟವರು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯದ ಮನೋಹರನ್, ಬೂಪತಿ ಇವರೂ, ಅಮೆರಿಕದ ನೆಬ್ರಾಸ್ಕದಲ್ಲಿ ಈ ಕಿಣ್ವವನ್ನು ಬಹುಕಾಲ ಅಭ್ಯಾಸಮಾಡಿದ ಒಕ್ಸಾನಾ ಲಾಕ್‌ರಿಜ್ ಮೊದಲಾದವರೂ ಸೇರಿ 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ. ಕಿಣ್ವವೆಂದರೆ 574 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಒಂದು ಸರ. ಅದರಲ್ಲಿ 307ನೆಯ ಮಣಿಯು ಲ್ಯೂಸಿನ್ ಆಗಿರಬೇಕು. ಈ ಮನೆತನಗಳಲ್ಲಿ ಕೆಲವರಿಗೆ ಅಲ್ಲಿ ಪ್ರೋಲಿನ್ ಬಂದಿದೆ. ಒಂದು ಮಣಿಯ ವ್ಯತ್ಯಾಸದಿಂದ ಸರವೇ ನಿಲ್ಲದಂತಾಗಿ, ರಕ್ತದಲ್ಲಿ ಕಿಣ್ವವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಕ್ಯಾಲೋ ಅವರು ಕಂಡದ್ದು ಬೇರೆ ಬಗೆಯ ಸುಂಕದವನನ್ನು. ಇಲ್ಲಿ ಸುಂಕದವನ ಪೀಠವೇ ಬರಿದು.

ಈ ಒಂದು ಮಣಿಯ ವ್ಯತ್ಯಾಸವು ಒಂದೇ ಸಮಾಜದಲ್ಲಿ ಇಷ್ಟು ಹರಡಿದುದೇಕೆ? ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಇದೇ ಅತ್ಯಂತ ಸ್ವಾರಸ್ಯವಾದ ಪ್ರಶ್ನೆ. ಆರ್ಯವೈಶ್ಯರ ಕುಲದೇವತೆಯಾದ ವಾಸವಿ ಕನ್ಯಕಾಪರಮೇಶ್ವರಿಯ ಐತಿಹ್ಯವನ್ನು ಶ್ರೋತೃಗಳು ಕೇಳಿರಬಹುದು. ಗೋದಾವರಿ ಸೀಮೆಯ ಪೆನುಗೊಂಡದಲ್ಲಿ ಕುಸುಮಶ್ರೇಷ್ಠಿಯ ಮಗಳಾದ ವಾಸವಿಯನ್ನು ರಾಜನೊಬ್ಬನು ಬಲಾತ್ಕಾರದಿಂದ ವರಿಸಲೆಳಸಿದಾಗ, ಅವಳೂ ಅವಳ ಪಕ್ಷವನ್ನು ಹಿಡಿದ 102 ಗೋತ್ರದವರೂ ಅಗ್ನಿಪ್ರವೇಶವನ್ನು ಮಾಡಿದರೆಂದೂ, ಇಂದಿನ ಸಮಾಜವು ಆ 102 ಗೋತ್ರಗಳ ಸಂತತಿಯೆಂದೂ ಹೇಳುತ್ತಾರೆ. ದೊಡ್ಡ ಗುಂಪೊಂದು ಒಡೆದು, ಸ್ವಲ್ಪ ಮನೆತನಗಳಿಂದ ಮುಂದಿನ ಸಮಾಜವೆಲ್ಲ ಬೆಳೆಯಿತೆಂಬುದೇ ಐತಿಹ್ಯದ ತಿರುಳು. ಐತಿಹ್ಯಕ್ಕೂ ಚರಿತ್ರೆಗೂ ಅಂತರವುಂಟು. ಆದರೆ ಹೈದರಾಬಾದಿನ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ಮೊದಲಾದವರು 2009ರಲ್ಲಿ ಭಾರತದ ಅನೇಕ ಸಮುದಾಯಗಳ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಆಂಧ್ರದ ವೈಶ್ಯರ ರಕ್ತವೂ ಇದನ್ನೇ ಹೋಲುವ ಕಥೆಯನ್ನು ಹೇಳಿತು. ಎರಡು ಮೂರು ಸಾವಿರ ವರ್ಷಗಳ ಹಿಂದೆ ಕೆಲವೇ ಪೂರ್ವಜರಿಂದ ಈ ಸಮಾಜವು ಬೆಳೆಯಿತು. ಅಂದಿನಿಂದ ವಿವಾಹವು ಒಳಗೊಳಗೇ ನಡೆಯಿತು. ಒಂದೊಂದು ತಲೆಮಾರಿನಲ್ಲಿ ನೂರಕ್ಕೊಬ್ಬರಂತೆ ಹೊರಗಿನವರು ಬಂದು ಸೇರಿದ್ದರೂ ಆ ಹಳೆಯ ಗುರುತು ಅಳಿಸಿಹೋಗುತ್ತಿತ್ತೆಂದು ರೈಕ್ ಹೇಳುತ್ತಾರೆ. ಊರೂರಿಗೆ ಹೋಗಿ, ಎಲ್ಲ ಜಾತಿಯವರೊಡನೆಯೂ ಕೊಳ್ಳುಕೊಡುಗೆಯನ್ನು ನಡೆಸಿ, ಎಲ್ಲ ಭಾಷೆಯ ಲೆಕ್ಕವನ್ನೂ ಬರೆದ ವರ್ತಕರು, ಹೆಣ್ಣನ್ನು ಕೊಟ್ಟು ತರುವ ವಿಷಯದಲ್ಲಿ ಮಾತ್ರ ಇಷ್ಟು ಕಟ್ಟುನಿಟ್ಟಾಗಿದ್ದರೆಂಬುದು ಆಶ್ಚರ್ಯಕರ. ಇಂತಹ ಸಂಗತಿಯನ್ನು ನಮಗೆ ಯಾವ ಶಿಲಾಶಾಸನವೂ ತಿಳಿಸಿರಲಿಲ್ಲ.

ಆ ಕೆಲವೇ ಪೂರ್ವಜರಲ್ಲಿ ಯಾರಲ್ಲಿಯೋ ಈ ವ್ಯತ್ಯಾಸವಿದ್ದಿರಬೇಕು. ಸ್ಕೋಲಿನ್ ಇಲ್ಲದ ಕಾಲದಲ್ಲಿ ಅದರಿಂದ ಯಾರಿಗೂ ಕೇಡಿಲ್ಲ. ಕಿಣ್ವವಿಲ್ಲದೆಯೇ ಮನುಷ್ಯನು ಆರೋಗ್ಯವಾಗಿ ನೂರು ವರ್ಷ ಬಾಳಬಲ್ಲನು. ಆದ್ದರಿಂದ ಅದು ಯಾರ ಕಣ್ಣಿಗೂ ಬೀಳದೆ ತಲೆಮಾರಿನಿಂದ ತಲೆಮಾರಿಗೆ ನಡೆದುಬಂತು. ಇಂದು ಈ ಸಮಾಜದಲ್ಲಿರುವ ಈ ವಂಶವಾಹಿಯ ಪ್ರತಿಗಳಲ್ಲಿ ನೂರಕ್ಕೆ ಸುಮಾರು 20 ಈ ವ್ಯತ್ಯಾಸವುಳ್ಳವು. ಲೆಕ್ಕವು ಸರಳ: ಐದರಲ್ಲೊಂದನ್ನು ಐದರಲ್ಲೊಂದರಿಂದ ಗುಣಿಸಿದರೆ ಇಪ್ಪತ್ತೈದರಲ್ಲೊಂದು. ಅಂದರೆ ನೂರು ಜನರಲ್ಲಿ ಸುಮಾರು 4 ಜನರಿಗೆ ಎರಡೂ ಪ್ರತಿಗಳು ಕೆಟ್ಟವು. 32 ಜನರಿಗೆ ಒಂದು. ಉಳಿದ 64 ಜನರಿಗೆ ಯಾವುದೂ ಇಲ್ಲ. ಯೂರೋಪಿನವರಲ್ಲಿ ಕ್ಯಾಲೋ ಕಂಡ ಸ್ಥಿತಿಯಾದರೋ ಎರಡು ಮೂರು ಸಾವಿರಕ್ಕೊಬ್ಬರಲ್ಲಿ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಕೂಡದು. ಇದನ್ನು ಕೇಳಿ ಯಾರೂ ಒಂದು ಸಮಾಜದ ಕಡೆಗೆ ಬೆರಳು ತೋರಿಸಬಾರದು. ಅದರಲ್ಲಿಯೂ ನೂರಕ್ಕೆ 96 ಜನರಿಗೆ ಈ ಅಪಾಯವಿಲ್ಲ. ಬೇರೆ ಸಮಾಜಗಳಲ್ಲಿಯೂ ಈ ಬಗೆಯ ಜನ ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇ ಇರುತ್ತಾರೆ. ಒಳಗೊಳಗೆ ಕೊಟ್ಟುತರುವ ಪದ್ಧತಿಯೂ ಒಬ್ಬರದಲ್ಲ. 1980ರಿಂದ 1989ರವರೆಗೆ ಬೆಂಗಳೂರು ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ವಿಚಾರಿಸಿದ ಭಾರಿ ಪರಿಶೀಲನೆಯೊಂದರಲ್ಲಿ, ಸುಮಾರು ಮೂರರಲ್ಲೊಂದು ವಿವಾಹವು ರಕ್ತಸಂಬಂಧದೊಳಗೆ ಆದದ್ದೆಂದು ಕಂಡುಬಂತು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದೂ, ಸೋದರತ್ತೆಯ ಮಗನಿಗೆ ಕೊಡುವುದೂ ನಮ್ಮ ಸೀಮೆಯ ಎಷ್ಟೋ ಮನೆಗಳ ನಡವಳಿಕೆ. ಒಂದೊಂದು ಸಮಾಜವೂ ಹೀಗೆ ತನ್ನ ಪೂರ್ವಜರ ಒಂದೊಂದು ಗುಟ್ಟನ್ನು ಮೈಯಲ್ಲಿಟ್ಟುಕೊಂಡಿರುವುದು ಸಂಭವ. ವೈಶ್ಯರದು ಮೊದಲು ಬಯಲಾಯಿತು, ಅಷ್ಟೆ.

ಮತ್ತೊಂದು ಸಂಗತಿಯು ರಾಮನಗರ ಚನ್ನಪಟ್ಟಣದ ಕಡೆಯ ರೈತರಿಗೂ ಸಂಬಂಧಿಸಿದ್ದು. ಆರ್ಗನೋಫಾಸ್ಫೇಟ್ ಎಂಬ ವರ್ಗದ ಕೀಟನಾಶಕಗಳು ಇದೇ ಕಿಣ್ವವನ್ನು ಕೆಡಿಸುತ್ತವೆ. ವಿಷವು ಮೈಗೆ ಸೇರಿದವನ ರಕ್ತದಲ್ಲಿ ಈ ಕಿಣ್ವವನ್ನೇ ಅಳೆದು ವೈದ್ಯರು ವಿಷದ ಗುರುತನ್ನು ಹಿಡಿಯುತ್ತಾರೆ. ಅಂಥವನಿಗೆ ಸ್ಕೋಲಿನ್ ಕೊಟ್ಟರೆ ಅವನಲ್ಲಿಯೂ ಅದು ನಿಲ್ಲುತ್ತದೆ. ಹುಟ್ಟಿನಿಂದಲೇ ಕಿಣ್ವವಿಲ್ಲದವನನ್ನು ಪರೀಕ್ಷಿಸಿದರೆ, ವಿಷ ಕುಡಿಯದಿದ್ದರೂ ಕುಡಿದವನೆಂಬ ಸಂದೇಹವು ಬರಬಹುದು. ಬಸುರಿಯರಲ್ಲಿ ಈ ಕಿಣ್ವವು ಸ್ವಾಭಾವಿಕವಾಗಿಯೇ ಸ್ವಲ್ಪ ಇಳಿದಿರುತ್ತದೆ. ಪಿತ್ತಜನಕಾಂಗವು ಕೆಟ್ಟವರಲ್ಲಿಯೂ ಹಾಗೆಯೇ.

ಹಾಗಾದರೆ ಮಾಡಬೇಕಾದುದೇನು? ಕೆಲಸವು ಬಹಳ ಸಣ್ಣದು. ಮನೆಯಲ್ಲಿ ಯಾರಿಗಾದರೂ ಶಸ್ತ್ರಕ್ರಿಯೆಯ ತರುವಾಯ ಉಸಿರು ಬರಲು ತಡವಾಗಿದ್ದರೆ, ಅದನ್ನು ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ಹೇಳಬೇಕು. ಅಂಥವರ ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಅದೇ ಸ್ಥಿತಿಯಿರುವ ಸಂಭವವು ನಾಲ್ಕರಲ್ಲೊಂದು. ಆದುದರಿಂದ ಅವರೂ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಕೋಲಿನೆಸ್ಟರೇಸ್ ಪರೀಕ್ಷೆಯು ದೊಡ್ಡ ಆಸ್ಪತ್ರೆಗಳಲ್ಲಿ ಮಾಡತಕ್ಕ ಸಾಧಾರಣವಾದ ಪರೀಕ್ಷೆ. ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆಸಿ ಜೊತೆಯಲ್ಲಿಟ್ಟುಕೊಂಡರೆ, ಮಾತನಾಡಲಾರದ ಹೊತ್ತಿನಲ್ಲಿ ಚೀಟಿಯು ಮಾತನಾಡುತ್ತದೆ. ಹೀಗೆ ತಿಳಿದ ವೈದ್ಯರಿಗೆ ಬೇರೆ ದಾರಿಗಳಿವೆ: ಬೆನ್ನಿಗೆ ಸೂಜಿಯನ್ನು ಕೊಟ್ಟು ಕೆಳಮೈಯನ್ನು ಮಾತ್ರ ಮರಗಟ್ಟಿಸಬಹುದು, ಅಥವಾ ಈ ಕಿಣ್ವದ ಹಂಗಿಲ್ಲದ ರೋಕ್ಯುರೋನಿಯಂ ಮುಂತಾದ ಬೇರೆ ಮದ್ದನ್ನು ಬಳಸಬಹುದು. ಆದರೆ ವೈದ್ಯರಿಗೆ ತಿಳಿಯುವ ಬಗೆ ಯಾವುದು? ತರಾತುರಿಯ ಹೆರಿಗೆಯ ಹೊತ್ತಿನಲ್ಲಿ ರಕ್ತಪರೀಕ್ಷೆಗೆ ಅವಕಾಶವಿಲ್ಲ. ಮನೆಯವರ ಬಾಯಿಂದ ಬರುವ ಒಂದು ಮಾತೇ ಆಗ ಪರೀಕ್ಷೆ. ನಮ್ಮ ಸ್ನೇಹಿತರ ಮನೆಯಲ್ಲಿ ಆ ಮಾತು ನಲವತ್ತು ವರ್ಷಗಳ ಕಾಲ ಬೀಗದಲ್ಲಿತ್ತು.

ಆ ಹಿರಿಯಾಕೆಯನ್ನು ನಾವು ದೂಷಿಸಲಾರೆವು. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಹೆದರಿಕೆಯು ಸುಳ್ಳಲ್ಲ. ಆದರೆ ಆ ಹೆದರಿಕೆಗೆ ಆಧಾರವಾದ ತಿಳಿವಳಿಕೆಯು ಸುಳ್ಳು. ಇದು ರೋಗವಲ್ಲ, ಶಾಪವಲ್ಲ, ಯಾರೋ ಊಟದಲ್ಲಿ ಹಾಕಿದ ಮದ್ದೂ ಅಲ್ಲ. ಈ ಕಿಣ್ವವೇ ಒಡೆಯಬೇಕಾದ ಔಷಧಗಳನ್ನು ತಪ್ಪಿಸಿದರೆ ಜೀವಮಾನವೆಲ್ಲ ಯಾವ ತೊಂದರೆಯನ್ನೂ ಕೊಡದ ಒಂದು ಹುಟ್ಟುಗುಣ.

ಇಷ್ಟನ್ನು ಓದಿ ತಿಳಿದುಕೊಂಡು, ಕೆಲವು ವಾರಗಳ ಮೇಲೆ ಚನ್ನಪಟ್ಟಣಕ್ಕೆ ಹೋಗಿ ಸ್ನೇಹಿತರಿಗೆ ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಡಾಕ್ಟರ ತಪ್ಪಿಲ್ಲ ಅನ್ನಿ" ಎಂದರು. ತಪ್ಪಿಲ್ಲ, ಮೂರು ಗಂಟೆ ಕೈಸೋಲದೆ ಚೀಲವನ್ನು ಹಿಸುಕಿದ್ದಕ್ಕಾಗಿ ಅವರಿಗೆ ಕೃತಜ್ಞರಾಗಿರಬೇಕೆಂದೆವು. ತಂಗಿಯ ರಕ್ತವನ್ನು ಪರೀಕ್ಷಿಸಿದಾಗ ಕಿಣ್ವವು ಇಲ್ಲವೆನ್ನುವಷ್ಟು ಕಡಿಮೆಯೆಂದು ಗೊತ್ತಾಯಿತು. ಸ್ನೇಹಿತರದು ಅರ್ಧದಷ್ಟಿತ್ತು. ಅವರ ತಮ್ಮನದು ತಂಗಿಯಂತೆಯೇ. ಆತನಿಗೆ ಇದುವರೆಗೆ ಯಾವ ಶಸ್ತ್ರಕ್ರಿಯೆಯೂ ಆಗಿರಲಿಲ್ಲ. ಆದುದರಿಂದ ಗೊತ್ತಾಗಿರಲೂ ಇಲ್ಲ.

ಮಗುವಿನ ನಾಮಕರಣಕ್ಕೆ ನಮಗೂ ಕರೆಯೋಲೆ ಬಂತು. ಊಟವಾದ ಮೇಲೆ, ಬೀಗರೂ ನಂಟರೂ ಕೂಡಿದ್ದ ನಡುಮನೆಯಲ್ಲಿ, ಆ ಹಿರಿಯಾಕೆಯು ತನ್ನ ಅಣ್ಣನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಹೇಳಿದರು. ಹೇಳಿ ಮುಗಿಯುತ್ತಲೇ, ಹಿಂದೆ ಕುಳಿತಿದ್ದ ಇನ್ನೊಬ್ಬ ಮುದುಕಿಯು, "ನಮ್ಮ ದೊಡ್ಡಪ್ಪನ ಮಗನಿಗೂ ಹಾಗೇ ಆಗಿತ್ತಲ್ಲಾ!" ಎಂದರು. ತೊಟ್ಟಿಲಲ್ಲಿದ್ದ ಮಗು ಅಷ್ಟರಲ್ಲಿ ಎದ್ದು ಅಳತೊಡಗಿತು. ತಾಯಿ ಒಡನೆಯೇ ಎದ್ದು ಹೋಗಿ ಎತ್ತಿಕೊಂಡಳು.